ಬಿಟ್ಟ ಓಟವನ್ನು ಮತ್ತೆ ಹಿಡಿಯುವುದು

ನವಲಗುಂದ, ಅಣ್ಣಿಗೇರಿಗಳ ಸೀಮೆಯಲ್ಲಿ ಬೆಳಗಿನ ಮೊದಲ ಬಸ್ಸು ಹಿಡಿದು ಹೋದವರು ಶಲವಡಿಯಂಥ ಊರುಗಳ ಹತ್ತಿರ ಒಂದು ನೋಟವನ್ನು ಕಂಡಿರಬಹುದು. ಇನ್ನೂ ನಸುಗತ್ತಲೆ. ಬಸ್ಸಿನ ದೀಪದ ಬೆಳಕಿಗೆ ನಾಲ್ಕಾರು ಹುಡುಗರು ರಸ್ತೆಯ ಅಂಚು ಹಿಡಿದು ಓಡುತ್ತ ಕಾಣಿಸುತ್ತಾರೆ, ಮರುಕ್ಷಣ ಹಿಂದೆ ಸರಿಯುತ್ತಾರೆ. ಪೊಲೀಸ್ ನೇಮಕಕ್ಕೋ ಸೈನ್ಯದ ಭರ್ತಿಗೋ ನಡೆದ ಸಿದ್ಧತೆ ಅದು. ಇತ್ತೀಚಿನ ವರ್ಷಗಳ ಪೇದೆಯ ನೇಮಕದಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕಾಗಿದೆ. ಎಷ್ಟು ದೂರ, ಎಷ್ಟು ಹೊತ್ತು, ಯಾವ ದಿನ ಎಂಬುದೆಲ್ಲ ಮೊದಲೇ ಗೊತ್ತು. ಹೀಗಿರುವಾಗ ಎದ್ದು ಓಡಲು ಬೇರೆ ಪ್ರೇರಣೆ ಏಕೆ ಬೇಕು?

ಪಾಸಾದವರು ಊರು ಬಿಟ್ಟು ಹೋಗುತ್ತಾರೆ. ಉಳಿದವರು ಇನ್ನೊಂದೆರಡು ಸಲ ಪ್ರಯತ್ನ ಮಾಡಿ, ವಯಸ್ಸಿನ ಮಿತಿ ದಾಟಿದ ಮೇಲೆ ಹೊಲವನ್ನೋ ಅಂಗಡಿಯನ್ನೋ ಹಿಡಿಯುತ್ತಾರೆ. ಓಟ ಅಲ್ಲಿಗೆ ನಿಲ್ಲುತ್ತದೆ. ಹತ್ತು ವರ್ಷದ ಮೇಲೆ ಅದೇ ರಸ್ತೆಯಲ್ಲಿ ಅದೇ ಮನುಷ್ಯ ಮೋಟಾರ್ ಸೈಕಲ್ಲಿನ ಮೇಲೆ ಕಾಣಸಿಗುತ್ತಾನೆ. ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಬಿಗಿಯುತ್ತಿರುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿರುವ ನಿಮ್ಮ ಮನೆಯಲ್ಲಿಯೂ ಇಂಥವರೊಬ್ಬರು ಇರಬಹುದು. ಕಾಲೇಜಿನ ರಿಲೇ ತಂಡದಲ್ಲಿದ್ದವರು, ಕಬಡ್ಡಿ ಆಡಿದವರು, ಡಾಕ್ಟರರು ಸಕ್ಕರೆಯ ಅಂಶ ಹೇಳಿದ ದಿನ “ನಾಳೆಯಿಂದ ಮತ್ತೆ ಶುರು ಮಾಡುತ್ತೇನೆ” ಎಂದವರು.

ಆ ನಾಳೆ ಏಕೆ ಬರುವುದಿಲ್ಲ? ಸೋಮಾರಿತನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎಂದೂ ಓಡದವರಿಗಿಂತ ಒಮ್ಮೆ ಚೆನ್ನಾಗಿ ಓಡಿ ಬಿಟ್ಟವರಿಗೇ ಮತ್ತೆ ಮೊದಲು ಮಾಡುವುದು ಹೆಚ್ಚು ಕಠಿಣವೆಂದು ನನ್ನ ಎಣಿಕೆ. ಹೊಸಬನು ಎರಡು ಫರ್ಲಾಂಗು ಓಡಿದರೂ ಹಿಗ್ಗುತ್ತಾನೆ. ಹಳಬನ ತಲೆಯೊಳಗೆ ಹಳೆಯ ಗಡಿಯಾರವೊಂದು ಓಡುತ್ತಲೇ ಇರುತ್ತದೆ. ಮೊದಲ ದಿನವೇ ಅವನು ಇಪ್ಪತ್ತರ ವಯಸ್ಸಿನ ವೇಗ ಹಿಡಿಯುತ್ತಾನೆ. ಐದು ನಿಮಿಷಕ್ಕೆ ಏದುಸಿರು, ಮರುದಿನ ಮೀನಖಂಡದಲ್ಲಿ ನೋವು, ಮೂರನೆಯ ದಿನ ಮುಸುಕು. “ನನ್ನ ಕಾಲ ಮುಗಿಯಿತು” ಎಂಬ ತೀರ್ಮಾನವೂ ಅಷ್ಟರಲ್ಲಿ ಆಗಿರುತ್ತದೆ. ನೇಮಕದಲ್ಲಿ ಸೋತವನಿಗಂತೂ ಓಟವೆಂದರೆ ಆ ಸೋಲಿನ ನೆನಪು.

ಹಾಗೆ ಕಾಲ ಮುಗಿದಿರುತ್ತದೆಯೆ? ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಡಲ್ಲಾಸ್ ನಗರದಲ್ಲಿ 1966ರಲ್ಲಿ ಬೆಂಗ್ಟ್ ಸಾಲ್ಟಿನ್ ಮತ್ತು ಅವರ ಸಂಗಡಿಗರು 20 ವರ್ಷದ ಐವರು ಆರೋಗ್ಯವಂತ ವಿದ್ಯಾರ್ಥಿಗಳನ್ನು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿಸಿದರು. ದೇಹವು ಒಂದು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಪ್ರಾಣವಾಯುವನ್ನು ಬಳಸಿಕೊಳ್ಳಬಲ್ಲದು ಎಂಬುದು ಓಟಗಾರನ ಕಸುವಿಗೆ ಒಳ್ಳೆಯ ಅಳತೆಗೋಲು. ಅದು ಮೂರೇ ವಾರದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಅನಂತರ ಎಂಟು ವಾರ ವ್ಯಾಯಾಮ ಮಾಡಿಸಿ ಅವರನ್ನು ಮೇಲಕ್ಕೆ ತಂದರು.

ಕಥೆ ಅಲ್ಲಿಗೇ ಮುಗಿದಿದ್ದರೆ ಇಲ್ಲಿ ಹೇಳುವ ಕಾರಣವಿರಲಿಲ್ಲ. ಮೂವತ್ತು ವರ್ಷಗಳ ಮೇಲೆ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿದರು. ಈಗ ಅವರಿಗೆ 50 ವರ್ಷ. ಸರಾಸರಿ 77 ಕಿಲೋ ಇದ್ದ ಮೈತೂಕ 100 ಕಿಲೋ ಆಗಿತ್ತು, ಮೈಯಲ್ಲಿಯ ಕೊಬ್ಬಿನ ಪಾಲು ಇಮ್ಮಡಿಸಿತ್ತು. ಹಾಗಿದ್ದರೂ ಮೂವತ್ತು ವರ್ಷದ ವಯಸ್ಸು ಅವರ ಕಸುವನ್ನು ಆ ಮೂರು ವಾರದ ಹಾಸಿಗೆವಾಸದಷ್ಟು ಕಿತ್ತುಕೊಂಡಿರಲಿಲ್ಲ! ಮುಂದೆ ಆರು ತಿಂಗಳು ಅವರು ನಡಿಗೆ, ಮೆಲ್ಲನೆಯ ಓಟ, ಸೈಕಲ್ ತುಳಿತ ಇವುಗಳಲ್ಲಿ ತಮಗೆ ಬೇಕಾದುದನ್ನು ಮಾಡಿದರು. ಸ್ವಲ್ಪದಿಂದ ಆರಂಭಿಸಿ ಕೊನೆಗೆ ವಾರಕ್ಕೆ ಸುಮಾರು ನಾಲ್ಕೂವರೆ ಗಂಟೆಗೆ ಏರಿಸಿದರು. ಆರು ತಿಂಗಳ ಕೊನೆಗೆ ಅಳೆದಾಗ, 20ರ ವಯಸ್ಸಿನಲ್ಲಿ ಪ್ರಯೋಗಕ್ಕೆ ಮೊದಲು ಇದ್ದ ಮಟ್ಟಕ್ಕೆ ಬಂದು ಮುಟ್ಟಿದ್ದರು. ಎಂಟು ವಾರದ ವ್ಯಾಯಾಮದ ಮೇಲೆ ಯೌವನದಲ್ಲಿ ಏರಿದ್ದ ಶಿಖರವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮೈತೂಕ ಐದು ಕಿಲೋದಷ್ಟೂ ಇಳಿಯಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ತಕ್ಕಡಿಯನ್ನು ನಂಬಿ ಓಡಲು ಹೊರಟವರು ಬೇಗ ಬೇಸರಗೊಳ್ಳುವುದು ಇದರಿಂದಲೇ. ಐವರೇ ಆದುದರಿಂದ ಇದು ದೊಡ್ಡ ಲೆಕ್ಕವಲ್ಲ ನಿಜ. ಆದರೆ ಒಬ್ಬರನ್ನೇ ಮೂವತ್ತು ವರ್ಷ ಬಿಟ್ಟು ಮತ್ತೆ ಅಳೆದ ಲೆಕ್ಕಗಳು ಅಪರೂಪ.

ಹಾಗಾದರೆ ಮೊದಲ ದಿನಗಳು ಏಕೆ ಅಷ್ಟು ಕೆಟ್ಟವು? ಓಡುವವನ ಮೈಯಲ್ಲಿ ರಕ್ತದ ನೀರಿನಂಶ ಹೆಚ್ಚಿರುತ್ತದೆ, ಹೃದಯದ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಡುತ್ತದೆ. ಓಟ ಬಿಟ್ಟೊಡನೆ ಮೊದಲು ತಗ್ಗುವುದು ಇದೇ. ಎರಡು ಮೂರು ವಾರಗಳಲ್ಲಿ ತಗ್ಗುತ್ತದೆ. ಮತ್ತೆ ಆರಂಭಿಸಿದಾಗ ಮೊದಲು ಹಿಂದಿರುಗುವುದೂ ಇದೇ. ಆದುದರಿಂದ ಮೊದಲ ಎರಡು ವಾರ ಪ್ರಾಣ ಹೋದಂತೆ ಅನಿಸಿ, ಮೂರನೆಯ ವಾರದ ಸುಮಾರಿಗೆ ಇದ್ದಕ್ಕಿದ್ದಂತೆ ಉಸಿರು ಹಗುರಾಗುತ್ತದೆ. ಬಹಳ ಜನ ಬಿಟ್ಟುಬಿಡುವುದು ಅದಕ್ಕೆ ನಾಲ್ಕು ದಿನ ಮೊದಲು.

ಅಪಾಯ ಇರುವುದು ಆ ಹಗುರಾದ ಮೇಲೆ. ಉಸಿರು ವಾರಗಳಲ್ಲಿ ಬರುತ್ತದೆ. ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿಗಳು, ಮೊಣಕಾಲ ಕೆಳಗಿನ ಎಲುಬು, ಹಿಮ್ಮಡಿ ಇವು ಗಟ್ಟಿಗೊಳ್ಳಲು ತಿಂಗಳುಗಳು ಬೇಕು. ಎಂಜಿನು ಹೊಸದು, ಗಾಲಿ ಹಳೆಯದು. ಉಸಿರು ಕೊಟ್ಟ ಧೈರ್ಯದಿಂದ ವೇಗ ಹೆಚ್ಚಿಸಿದವರು ಹಿಮ್ಮಡಿ ಹಿಡಿದುಕೊಂಡು ಕೂಡುತ್ತಾರೆ. ಅದಕ್ಕೆ ಹೀಗೆ ಮಾಡಿರಿ: ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಿರಿ, ಒಟ್ಟು ಇಪ್ಪತ್ತು ನಿಮಿಷ ಸಾಕು, ದಿನ ಬಿಟ್ಟು ದಿನ. ಓಡುವಾಗ ಪಕ್ಕದವರೊಡನೆ ಮಾತನಾಡಲು ಬರುವಂತಿರಬೇಕು. ಬಾರದಿದ್ದರೆ ಹಳೆಯ ಗಡಿಯಾರ ಮತ್ತೆ ಮಾತನಾಡುತ್ತಿದೆ ಎಂದು ತಿಳಿಯಿರಿ. ಎದೆಯಲ್ಲಿ ನೋವು ಬಂದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರರನ್ನು ಕಂಡು ಬರುವುದು ಅವಶ್ಯ.

ಇನ್ನು ಮನಸ್ಸಿನ ಮಾತು. ಉತ್ಸಾಹ ಬರಲಿ, ಆಮೇಲೆ ಓಡೋಣ ಎಂದು ಕಾದರೆ ಅದು ಬರುವುದಿಲ್ಲ. ನಸುಕಿನ ಆ ಹುಡುಗರೂ ಉತ್ಸಾಹದಿಂದ ಎದ್ದವರಲ್ಲ. ತಾರೀಖು ಅವರನ್ನು ಎಬ್ಬಿಸಿತ್ತು, ಓಣಿಯಲ್ಲಿ ಕೂಗುವ ಗೆಳೆಯ ಎಬ್ಬಿಸಿದ್ದ. ನಿಮಗೂ ಅಂಥದೊಂದು ಹೊರಗಿನ ಗೂಟ ಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ನಡೆಸಿದ ಅಧ್ಯಯನದಲ್ಲಿ, ಒಂದು ಹೊಸ ಕೆಲಸ ಯೋಚಿಸದೆ ಮಾಡುವಂಥ ರೂಢಿಯಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254. ಅವರೆಲ್ಲ ಆ ಕೆಲಸವನ್ನು ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಕಟ್ಟಿದ್ದರು, ಊಟದ ನಂತರ ಎಂಬಂತೆ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಎಂಬುದೂ ಅದರಲ್ಲಿ ಕಂಡಿತು. ಅಮಾವಾಸ್ಯೆಗೆ ತಪ್ಪಿತು, ನೆಂಟರು ಬಂದರೆಂದು ತಪ್ಪಿತು, ಇನ್ನೇನು ವ್ರತ ಮುರಿಯಿತು ಎಂದು ಕೈಬಿಡುವ ನಮ್ಮ ಸ್ವಭಾವಕ್ಕೆ ಇದು ಗೊತ್ತಿರಬೇಕು. ಹಾಲಿನವನು ಬಂದ ಕೂಡಲೆ, ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗಿದ ಕೂಡಲೆ, ಹೀಗೆ ಯಾವುದಾದರೊಂದಕ್ಕೆ ಓಟವನ್ನು ಕಟ್ಟಿಹಾಕಿರಿ.

ಕೊನೆಗೊಂದು ತೊಡಕು ನಾಚಿಕೆಯದು. ನಲವತ್ತರ ಗಂಡಸು ಓಡಿದರೆ “ಏನ್ರೀ, ಬಸ್ಸು ತಪ್ಪಿತೇನು?” ಎನ್ನುತ್ತಾರೆ, ಹೆಣ್ಣುಮಗಳು ಓಡಿದರೆ ಓಣಿಯೇ ಬಾಗಿಲಿಗೆ ಬರುತ್ತದೆ. ಜೊತೆಗೊಬ್ಬರಿದ್ದರೆ ಈ ಮಾತು ಅರ್ಧ ಕಡಿಮೆಯಾಗುತ್ತದೆ, ಒಂದು ತಿಂಗಳಾದರೆ ಪೂರ್ತಿ ನಿಲ್ಲುತ್ತದೆ. ಬೂಟಿನ ನೆಪ ಹೇಳುವವರೂ ಉಂಟು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ಆ ಕೂಟಕ್ಕೆ ತಂಡ ಕಳಿಸುವ ಯೋಚನೆ ಸರ್ ದೊರಾಬ್ಜಿ ಟಾಟಾ ಅವರಿಗೆ ಹುಟ್ಟಿದ್ದು ಪುಣೆಯ ಪಂದ್ಯಗಳಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡು. ಮೈ ತೂಕ ಬಂದವರಿಗೆ ಮೆತ್ತನೆಯ ಅಟ್ಟೆಯ ಬೂಟು ಒಳ್ಳೆಯದೇ. ಆದರೆ ಅದನ್ನು ಕೊಂಡ ಮೇಲೆಯೇ ಆರಂಭವೆಂದರೆ ಇನ್ನೊಂದು ದೀಪಾವಳಿ ಕಳೆದೀತು.

ಎಲ್ಲಿ, ಯಾವಾಗ ಎಂಬುದನ್ನು ನಮ್ಮ ಸೀಮೆಯಲ್ಲಿ ನೆಲವೇ ಹೇಳುತ್ತದೆ. ಎರೆನೆಲ ಮಳೆಗಾಲದಲ್ಲಿ ಒಂದೊಂದು ಕಾಲಿಗೂ ಸೇರುಗಟ್ಟಲೆ ಹತ್ತಿಕೊಳ್ಳುತ್ತದೆ, ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಆಗ ಶಾಲೆಯ ಬಯಲು ಇಲ್ಲವೆ ಗಟ್ಟಿ ರಸ್ತೆಯ ಬದಿಯೇ ಗತಿ. ರಸ್ತೆಯ ಮೇಲಾದರೆ ಎದುರು ಬರುವ ಗಾಡಿ ಕಾಣುವಂತೆ ಬಲಗಡೆಗೆ ಓಡಿರಿ, ಕತ್ತಲಲ್ಲಿ ಬಿಳಿಯ ಅಂಗಿ ಹಾಕಿರಿ. ದೀಪಾವಳಿ ಕಳೆದು ಬಿಳಿಜೋಳ, ಕಡಲೆ ಮೇಲೆದ್ದಿರುವ ಛಳಿಯ ಎರಡು ಮೂರು ತಿಂಗಳಲ್ಲಿ ಮಾತ್ರ ಹೊಲದ ದಾರಿಗಳು ಒಣಗಿ ಗಟ್ಟಿಯಾಗಿ, ಕಾಲಿಗೆ ಹಿತವಾಗಿರುತ್ತವೆ. ಆ 66 ದಿನಗಳನ್ನು ಎಣಿಸಲು ತೊಡಗುವವರಿಗೆ ಅದಕ್ಕಿಂತ ಒಳ್ಳೆಯ ಹಂಗಾಮು ಇತ್ತಕಡೆ ಇಲ್ಲ.