ನೋವಿಗೆ ಪ್ರಮಾಣಪತ್ರ ಸಿಗುತ್ತದೆಯೇ?

ಪ್ರಶ್ನೆ: ವರ್ಷಗಟ್ಟಲೆ ಮೈಕೈ ನೋವಿನಿಂದ ನರಳುವವರಿಗೆ ಅಂಗವಿಕಲರ ಸೌಲಭ್ಯ ಸಿಗಬಹುದೇ?

ಉತ್ತರ: ನೋವೊಂದನ್ನೇ ತೋರಿಸಿದರೆ ಸಿಗುವುದು ಕಷ್ಟ. 1995ರ ಅಂಗವಿಕಲರ ಕಾಯ್ದೆಯಲ್ಲಿ ಅಂಗವೈಕಲ್ಯದ ಬಗೆಗಳು ಏಳೇ ಇದ್ದವು. 2016ರ ಕಾಯ್ದೆ ಅವನ್ನು 21ಕ್ಕೆ ಏರಿಸಿತು. ಆದರೂ ದೀರ್ಘಕಾಲದ ನೋವು ಆ ಪಟ್ಟಿಯಲ್ಲಿಲ್ಲ. ಮೈತುಂಬಾ ನೋವು ತರುವ ಫೈಬ್ರೊಮಯಾಲ್ಜಿಯವೂ ಇಲ್ಲ.

ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್, ಮಾತ್ರ ಬೇರೆ. ಬಾಗಿದ ರಕ್ತಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆಗಳಲ್ಲಿ ತಡೆಯಲಾಗದ ನೋವು ಏಳುತ್ತದೆ. ಚಾಮರಾಜನಗರದ ಸೋಲಿಗರಲ್ಲೂ ಕಾಣುವ ಈ ಕಾಯಿಲೆಗೆ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದ್ದು ದೊಡ್ಡ ಸಂಗತಿ.

ಸಂಧಿವಾತ, ಬೆನ್ನುಹುರಿಯ ತೊಂದರೆ ಇರುವವರ ದಾರಿ ಇನ್ನೊಂದು. ವೈದ್ಯರು ಮುಖ್ಯವಾಗಿ ಅಳೆಯುವುದು ನೋವನ್ನಲ್ಲ. ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂಬುದನ್ನು. ಒಟ್ಟು ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ಅರ್ಹತೆ. ಕೈಕಾಲು ಆಡುತ್ತಿದ್ದರೂ ರಾತ್ರಿಯಿಡೀ ನಿದ್ದೆಯಿಲ್ಲದವರು ಈ ಅಳತೆಗೆ ಸಿಗುವುದೇ ಇಲ್ಲ. ಇದು ವ್ಯವಸ್ಥೆಯ ನಿಜವಾದ ಕೊರತೆ, ಸರಿಪಡಿಸಲೇಬೇಕು.

ಅಂಗವೈಕಲ್ಯ ಪ್ರಮಾಣಪತ್ರದ ಅರ್ಜಿಯನ್ನು ಕೇಂದ್ರದ ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು. ಆಧಾರ್, ಫೋಟೊ ಜೊತೆಗೆ ಹಳೆಯ ಚೀಟಿ, ಎಕ್ಸ್‌ರೇ, ಎಂಆರ್‌ಐ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡರೆ ಒಳ್ಳೆಯದು. ತಪಾಸಣೆಯಲ್ಲಿ "ತುಂಬಾ ನೋವು" ಎನ್ನುವುದಕ್ಕಿಂತ ಎಷ್ಟು ದೂರ ನಡೆಯಲಾಗುತ್ತದೆ, ನೆಲದ ಮೇಲೆ ಕೂತು ಏಳಲಾಗುತ್ತದೆಯೇ, ಬಿಂದಿಗೆ ಎತ್ತಲಾಗುತ್ತದೆಯೇ ಎಂದು ಬಿಡಿಸಿ ಹೇಳುವುದು ಹೆಚ್ಚು ಉಪಯುಕ್ತ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆಯಬೇಕು. 2016ರ ಕಾಯ್ದೆಯ 59ನೇ ಕಲಮು ಮೇಲ್ಮನವಿಗೆ ಅವಕಾಶ ಕೊಟ್ಟಿದೆ.