ನಡುವಿನ ಹೆಸರಾಗಿ ಉಳಿದ ವಿಠ್ಠಲ

ಮುಂಬಯಿಯ ಯಾವುದೇ ಕನ್ನಡ ಸಂಘದ ಹಳೆಯ ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿರುವ ಸದಸ್ಯರ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಶೆಟ್ಟಿ, ಪೂಜಾರಿ, ದೇವಾಡಿಗ, ರಾವ್, ಕಾಮತ್, ಕುಲಕರ್ಣಿ, ಪಾಟೀಲ ಹೀಗೆ ಅಡ್ಡಹೆಸರು ಯಾವುದೇ ಇರಲಿ, ಅದರ ಮುಂದೆ 'ವಿಠ್ಠಲ' ಎಂದಿರುವವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಈಗ ಅದೇ ಸಂಘದ ಇತ್ತೀಚಿನ ಪ್ರತಿಭಾ ಪುರಸ್ಕಾರದ ಪಟ್ಟಿಯನ್ನು ನೋಡಿ. ಆರವ್, ವಿಹಾನ್, ಅಥರ್ವ ಇದ್ದಾರೆ. ವಿಠ್ಠಲನನ್ನು ಮಾತ್ರ ಹುಡುಕಬೇಕು.

ಒಳನಾಡಿನಲ್ಲೂ ಹಳೆಯ ಹೆಸರುಗಳು ಕಡಿಮೆಯಾಗುತ್ತಿವೆ, ನಿಜ. ಆದರೆ ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಹೆಸರಿನೊಂದಿಗೆ ಇರುವ ನಂಟು ಬೇರೆಯೇ ಬಗೆಯದು. ಜನ್ಮಭೂಮಿ ಮತ್ತು ಕರ್ಮಭೂಮಿ ಎರಡೂ ತಮ್ಮದೆಂದು ಹೇಳಿಕೊಳ್ಳುವ ಹೆಸರು ಇದು.

ಹೆಸರಿನ ಕನ್ನಡ ಬೇರು

'ವಿಠ್ಠಲ' ಎಂಬ ಶಬ್ದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಹಲವು ಅಭಿಪ್ರಾಯಗಳಿವೆ. ಮರಾಠಿಯಲ್ಲಿ 'ವೀಟ್' ಎಂದರೆ ಇಟ್ಟಿಗೆ. ಭಕ್ತ ಪುಂಡಲೀಕ ಎಸೆದ ಇಟ್ಟಿಗೆಯ ಮೇಲೆ ನಿಂತವನೇ ವಿಠ್ಠಲ ಎಂಬುದು ಜನಜನಿತ ವಿವರಣೆ. ಪ್ರಾಚ್ಯವಿದ್ವಾಂಸ ಡಾ. ರಾಮಕೃಷ್ಣ ಗೋಪಾಲ ಭಂಡಾರ್ಕರ್ ಅವರ ಅಭಿಪ್ರಾಯ ಬೇರೆ. 'ವಿಷ್ಣು' ಶಬ್ದವೇ ಕನ್ನಡಿಗರ ಬಾಯಲ್ಲಿ 'ವಿಟ್ಟು' ಎಂದಾಗಿ, ಅದರಿಂದ ಈ ಹೆಸರು ಬಂತೆಂದು ಅವರು ಬರೆದಿದ್ದಾರೆ. ಹೊಯ್ಸಳ ದೊರೆ ವಿಷ್ಣುವರ್ಧನನ ಮೊದಲಿನ ಹೆಸರು ಬಿಟ್ಟಿದೇವ ಎಂಬುದನ್ನು ನೆನಪಿಸಿಕೊಂಡರೆ ಈ ಮಾತಿನ ಜಾಡು ತಿಳಿಯುತ್ತದೆ.

ಅದೇ ಹೊಯ್ಸಳ ವಂಶದ ಸೋಮೇಶ್ವರನು ಪಂಢರಪುರದ ವಿಠ್ಠಲನ ಸೇವೆಗೆ ಗ್ರಾಮವೊಂದನ್ನು ದತ್ತಿ ಬಿಟ್ಟ ವಿಷಯ 1237ರ ಶಾಸನದಲ್ಲಿದೆ. ಸಂತ ಜ್ಞಾನೇಶ್ವರರ ಹೆಸರಿನಲ್ಲಿರುವ ಅಭಂಗವೊಂದು ವಿಠ್ಠಲನನ್ನು ಕನ್ನಡದವನು, ಕರ್ನಾಟಕದವನು ಎಂದೇ ಕರೆದಿದೆ. ಮರಾಠಿ ಸಂಶೋಧಕ ರಾ. ಚಿಂ. ಢೇರೆ ಅವರು 1984ರ ತಮ್ಮ 'ಶ್ರೀ ವಿಠ್ಠಲ: ಏಕ್ ಮಹಾಸಮನ್ವಯ' ಗ್ರಂಥದಲ್ಲಿ ಈ ದೇವರ ಮೂಲವನ್ನು ದನ-ಕುರಿ ಕಾಯುವ ಜನರ ನಡುವೆ ಹುಡುಕಿದರು. ಕುರುಬರ ಮತ್ತು ಧನಗರರ ಬೀರಪ್ಪನ ಜತೆಗೆ ಇಂದಿಗೂ ವಿಠ್ಠಲ ಪೂಜೆಗೊಳ್ಳುತ್ತಾನೆ. ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯ ವಿಠ್ಠಲ-ಬಿರದೇವ ಜಾತ್ರೆ ಇದಕ್ಕೆ ಉತ್ತಮ ಉದಾಹರಣೆ. ಆದ್ದರಿಂದ ಇದು ಒಂದು ಜಾತಿಯ ಅಥವಾ ಒಂದು ಪಂಥದ ಸೊತ್ತಾದ ಹೆಸರಲ್ಲ.

ದಾಸರಿಂದ ಮನೆಮಾತಿಗೆ

ಕರ್ನಾಟಕದಲ್ಲಿ ಈ ಹೆಸರನ್ನು ಮನೆಮನೆಗೆ ತಲುಪಿಸಿದವರು ಹರಿದಾಸರು. ಶ್ರೀಪಾದರಾಜರದು 'ರಂಗವಿಠಲ', ಪುರಂದರದಾಸರದು 'ಪುರಂದರವಿಠಲ', ವಿಜಯದಾಸರದು 'ವಿಜಯವಿಠಲ', ಜಗನ್ನಾಥದಾಸರದು 'ಜಗನ್ನಾಥವಿಠಲ'. ಭಜನೆಯಲ್ಲಿ ಕುಳಿತವರು ಪ್ರತಿಯೊಂದು ಪದದ ಕೊನೆಗೂ ಈ ಹೆಸರನ್ನು ಉಚ್ಚರಿಸಲೇಬೇಕಿತ್ತು. ಹಂಪಿಯ ವಿಜಯವಿಠ್ಠಲ ದೇವಾಲಯವಂತೂ ವಿಶ್ವವಿಖ್ಯಾತ. ಅಲ್ಲಿನ ಕಲ್ಲಿನ ರಥದ ಚಿತ್ರ 2017ರಲ್ಲಿ ಬಂದ 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿದೆ.

ಮುಂದೆ ಸಿನಿಮಾವೂ ನೆರವಾಯಿತು. ಡಾ. ರಾಜ್‌ಕುಮಾರ್ ಅಭಿನಯದ 'ಸಂತ ತುಕಾರಾಂ' (1963) ಮತ್ತು 'ಭಕ್ತ ಕುಂಬಾರ' (1974) ಚಿತ್ರಗಳು ಮಹಾರಾಷ್ಟ್ರದ ಸಂತರ ಪಾಂಡುರಂಗನನ್ನು ಕನ್ನಡ ಪ್ರೇಕ್ಷಕರ ಮನಸ್ಸಿನಲ್ಲಿ ನಿಲ್ಲಿಸಿದವು. ಗದಗದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರು ಮರಾಠಿ ಅಭಂಗವನ್ನೂ ಕನ್ನಡ ದಾಸರ ಪದವನ್ನೂ ಒಂದೇ ಕಂಠದಲ್ಲಿ ಹಾಡಿ, ವಿಠ್ಠಲನಿಗೆ ಭಾಷೆಯ ಗಡಿಯಿಲ್ಲವೆಂದು ತೋರಿಸಿಕೊಟ್ಟರು.

ಹೆಸರು ಹೊತ್ತ ಹಿರಿಯರು

ಈ ಹೆಸರಿನ ಹಿರಿಯರಲ್ಲಿ ನಾವು ಮೊದಲು ನೆನೆಯಬೇಕಾದವರು ಮಹರ್ಷಿ ವಿಠ್ಠಲ ರಾಮಜೀ ಶಿಂದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ 1873ರಲ್ಲಿ ಜನಿಸಿದ ಅವರು, ಅಸ್ಪೃಶ್ಯತೆಯ ವಿರುದ್ಧ ದುಡಿಯಲು 1906ರಲ್ಲಿ ಮುಂಬಯಿಯಲ್ಲಿ 'ಡಿಪ್ರೆಸ್ಡ್ ಕ್ಲಾಸಸ್ ಮಿಷನ್' ಸ್ಥಾಪಿಸಿದರು. ಉಡುಪಿ ಸೀಮೆಯ ಬಿ. ವಿಠ್ಠಲಾಚಾರ್ಯರು ತೆಲುಗಿಗೆ ಹೋಗಿ ಜಾನಪದ ಚಿತ್ರಗಳ ನಿರ್ದೇಶಕರಾಗಿ ಹೆಸರು ಮಾಡಿದರು. ಗುಜರಾತಿನವರಾದ ವಿಠ್ಠಲಭಾಯಿ ಪಟೇಲರು 1925ರಲ್ಲಿ ಕೇಂದ್ರ ಶಾಸನಸಭೆಯ ಅಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾದ ಮೊದಲ ಭಾರತೀಯರು. ಗಿರ್‌ಗಾಂವ್ ಕಡೆ ಓಡಾಡುವವರಿಗೆ ಚಿರಪರಿಚಿತವಾದ ವಿ. ಪಿ. ರೋಡ್ ಅವರದೇ ಹೆಸರಿನದು.

ಕರೆಯುವ ಬಗೆ, ಬರೆಯುವ ಪೇಚು

ಕೆಲಸ ಹುಡುಕಿ ಊರಿನಿಂದ ಬಂದ ಹುಡುಗನಿಗೆ ಈ ಹೆಸರು ಒಂದು ಅನುಕೂಲವೂ ಆಗಿತ್ತು. ಹೋಟೆಲಿನ ಗಲ್ಲೆಯಲ್ಲಿ ಅಥವಾ ಗಿರಣಿಯ ಗೇಟಿನಲ್ಲಿ ಹೆಸರು ಹೇಳಿದಾಗ, ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯ ಬರುತ್ತಿರಲಿಲ್ಲ. ನಮ್ಮವರಿಗೆ ವಿಠಲಣ್ಣನಾದವನು ಮರಾಠಿ ನೆರೆಯವರಿಗೆ ವಿಠೋಬಾ ಅಥವಾ ವಿಠೂ ಆಗುತ್ತಿದ್ದ. ಆಷಾಢ ಏಕಾದಶಿಯಂದು ವಡಾಲದ ವಿಠ್ಠಲ ಮಂದಿರದ ಸರತಿಯಲ್ಲಿ ನಿಂತಾಗ ಅವನು ಪರವೂರಿನವನೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಆದರೆ ಬರೆಯುವಾಗ ಮಾತ್ರ ಪೇಚು. ಕನ್ನಡದಲ್ಲೇ ವಿಠಲ, ವಿಠ್ಠಲ, ವಿಟ್ಠಲ, ವಿಟ್ಟಲ ಎಂಬ ರೂಪಗಳಿವೆ. ಇಂಗ್ಲಿಷಿನಲ್ಲಿ 'ಟಿ' ಒಂದೋ ಎರಡೋ, 'ಎಚ್' ಬೇಕೋ ಬೇಡವೋ, ಕೊನೆಗೆ 'ಎ' ಇದೆಯೋ ಇಲ್ಲವೋ ಎಂಬುದು ಬರೆದುಕೊಂಡ ಗುಮಾಸ್ತರ ಮರ್ಜಿಗೆ ಬಿಟ್ಟದ್ದು. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ರೀತಿ, ರೇಶನ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇದ್ದರೆ ಹಿಂದೆ ನಡೆದುಹೋಗುತ್ತಿತ್ತು. ಈಗ ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೂ ತೊಂದರೆ. ತಂದೆಯ ನಿಧನಾನಂತರ ಊರಿನ ಆಸ್ತಿಯ ಕಾಗದಪತ್ರಕ್ಕೆ ಓಡಾಡುವ ಮಕ್ಕಳಿಗೆ ಇದರ ಬಿಸಿ ತಟ್ಟುತ್ತದೆ. ಹಿರಿಯರು ಇರುವಾಗಲೇ ಎಲ್ಲ ದಾಖಲೆಗಳಲ್ಲೂ ಒಂದೇ ಬಗೆಯ ಅಕ್ಷರ ಇರುವಂತೆ ಸರಿಪಡಿಸಿಕೊಳ್ಳುವುದು ಜಾಣತನ.

ಮೂರನೇ ತಲೆಮಾರಿಗೆ ಇಲ್ಲ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಊರಿನಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಅನೇಕ ಮನೆತನಗಳಲ್ಲಿತ್ತು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಕರೆಯುವಂತಿಲ್ಲವಾದ್ದರಿಂದ ಆ ಹುಡುಗ ಮನೆಯಲ್ಲಿ 'ಅಪ್ಪು' ಅಥವಾ 'ತಮ್ಮ' ಆಗುತ್ತಿದ್ದ. ಶಾಲೆಯ ಪುಸ್ತಕದಲ್ಲಿ ಮಾತ್ರ ಅವನು ವಿಠ್ಠಲನೇ. ಹೀಗೆ ಒಂದು ತಲೆಮಾರು ಬಿಟ್ಟು ಇನ್ನೊಂದರಲ್ಲಿ ಹೆಸರು ಮರಳಿ ಬರುತ್ತಿತ್ತು.

ಮುಂಬಯಿಯಲ್ಲಿ ನಾವು ಇಲ್ಲಿನ ಕ್ರಮವನ್ನು ಒಪ್ಪಿಕೊಂಡೆವು. ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಜತೆಗೆ ಅಜ್ಜನ ಹೆಸರಿಡುವ ಪದ್ಧತಿಯನ್ನು ಬಿಟ್ಟೆವು. ಇದರ ಲೆಕ್ಕ ಸರಳ. ಊರಿನಿಂದ ಬಂದವನ ಹೆಸರು ವಿಠ್ಠಲ. ಅವನ ಮಗನ ಹೆಸರಿನ ನಡುವೆ ವಿಠ್ಠಲ. ಮೊಮ್ಮಗನ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಇಂದು ನಲವತ್ತು ಐವತ್ತರ ವಯಸ್ಸಿನ ಅನೇಕರ ಪಾಸ್‌ಪೋರ್ಟಿನಲ್ಲಿ ಉಳಿದಿರುವ ವಿಠ್ಠಲ, ಅವರ ಮಕ್ಕಳ ಪಾಸ್‌ಪೋರ್ಟಿಗೆ ಬರುವುದಿಲ್ಲ.

"ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡುತ್ತಾರೆ ಪಪ್ಪಾ, ಹಳೆಯ ಹೆಸರು ಬೇಡ" ಎಂದು ಮಗ ಹೇಳಿದಾಗ ಅಜ್ಜನಾದವರು ಸುಮ್ಮನಾಗುವುದೇ ಹೆಚ್ಚು. ತನ್ನ ಹೆಸರನ್ನೇ ಇಡು ಎಂದು ಕೇಳಲು ಯಾರಿಗಾದರೂ ಸಂಕೋಚವೇ. ಮಗುವಿನ ಹೆಸರು ತಂದೆತಾಯಿಯ ಇಷ್ಟಕ್ಕೆ ಬಿಟ್ಟದ್ದು, ಅದರಲ್ಲಿ ಒತ್ತಾಯ ಸಲ್ಲದು. ಆದರೂ ನಾಮಕರಣದ ದಿನ ತೊಟ್ಟಿಲಲ್ಲಿಟ್ಟು ಕಿವಿಯಲ್ಲಿ ಹೇಳುವ ಹೆಸರುಗಳಲ್ಲಿ ಒಂದು ಅಜ್ಜನದಾಗಲು ಏನೂ ಅಡ್ಡಿಯಿಲ್ಲ.

ನಮ್ಮ ಸಂಘಗಳೂ ಒಂದು ಕೆಲಸ ಮಾಡಬಹುದು. ಮುಂದಿನ ಸ್ಮರಣ ಸಂಚಿಕೆಯ ಸದಸ್ಯರ ಪಟ್ಟಿಯಲ್ಲಿ, ಊರಿನಿಂದ ಮೊದಲು ಬಂದ ಹಿರಿಯರ ಹೆಸರು ಮತ್ತು ಅವರು ಬಂದ ವರ್ಷಕ್ಕೂ ಒಂದು ಸಾಲು ಮೀಸಲಿಡಲಿ. ತಮ್ಮ ಹೆಸರಿನಲ್ಲಿ ಇಲ್ಲದ ವಿಠ್ಠಲ ಯಾರೆಂದು ಮೊಮ್ಮಕ್ಕಳು ಮುಂದೊಂದು ದಿನ ಅಲ್ಲಿ ನೋಡಿಯಾದರೂ ತಿಳಿಯಬಹುದು.