ಕಾಗದದಲ್ಲಿ ಬರೆಯದ ಸುದ್ದಿ

ಜಾಗತೀಕರಣ ಅನ್ನೋ ದೊಡ್ಡ ಮಾತು ಕೇಳಿದರೆ, ಅದು ವ್ಯಾಪಾರಸ್ಥರ ವಿಷಯ, ಒಲೆ ಮುಂದಿರುವ ನಮಗೇಕೆ ಅದರ ಗೊಡವೆ ಅಂತ ಸುಮ್ಮನಾಗುತ್ತೇವೆ. ಆದರೆ ಈಚಿನ ಕೆಲವು ಇಂಗ್ಲಿಷ್ ಕಾದಂಬರಿಗಳಲ್ಲಿ ಅದು ಕಾಣಿಸಿಕೊಳ್ಳುವುದೇ ಅಡುಗೆಮನೆಯಲ್ಲಿ, ಹೊಲಿಗೆ ಯಂತ್ರದ ಮುಂದೆ!

ಮೋನಿಕಾ ಅಲಿಯವರ 'ಬ್ರಿಕ್ ಲೇನ್' (2003) ನೋಡಿ. ನಾಯಕಿ ನಜ್ನೀನ್ ಬಾಂಗ್ಲಾದೇಶದ ಹಳ್ಳಿಯ ಹುಡುಗಿ. ಮದುವೆಯಾಗಿ ಲಂಡನ್ನಿಗೆ ಬಂದವಳಿಗೆ ಇಂಗ್ಲಿಷ್ ಬಾರದು, ನಾಲ್ಕು ಗೋಡೆಯೇ ಪ್ರಪಂಚ. ಮುಂದೆ ಸಂಸಾರದ ಖರ್ಚಿಗಾಗಿ ಮನೆಯಲ್ಲೇ ಕೂತು ಬಟ್ಟೆ ಹೊಲಿಯತೊಡಗುತ್ತಾಳೆ. ಇಷ್ಟು ಬಟ್ಟೆಗೆ ಇಷ್ಟು ಕಾಸು ಅಂತ ಲೆಕ್ಕ. ಅತ್ತ ಢಾಕಾದಲ್ಲಿ ತಂಗಿ ಹಸೀನಾಳೂ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿಯುತ್ತಾಳೆ. ಅವಳ ಬಗ್ಗೆ ಇಲ್ಲಸಲ್ಲದ ಮಾತು ಹಬ್ಬಿ ಕೆಲಸವೇ ಹೋಗುತ್ತದೆ. ಅಕ್ಕನಿಗೆ ಮಾತ್ರ ಸ್ವಂತ ದುಡಿಮೆ ಧೈರ್ಯ ಕೊಡುತ್ತದೆ. ಕೊನೆಗೆ ಗಂಡ ಊರಿಗೆ ಹೊರಟಾಗ, ಹೆಣ್ಣುಮಕ್ಕಳೊಂದಿಗೆ ಲಂಡನ್ನಿನಲ್ಲೇ ಉಳಿಯುವ ತೀರ್ಮಾನ ಅವಳದೇ.

2006ರಲ್ಲಿ ಬುಕರ್ ಪ್ರಶಸ್ತಿ ಪಡೆದ ಕಿರಣ್ ದೇಸಾಯಿಯವರ 'ದಿ ಇನ್‌ಹೆರಿಟನ್ಸ್ ಆಫ್ ಲಾಸ್' ಇನ್ನೂ ಮನ ಕಲಕುತ್ತದೆ. ಕಾಲಿಂಪಾಂಗಿನಲ್ಲಿ ನಿವೃತ್ತ ನ್ಯಾಯಾಧೀಶರ ಮನೆಯ ಅಡುಗೆಯವನಿಗೆ, ಮಗ ಬಿಜು ಅಮೆರಿಕದಲ್ಲಿದ್ದಾನೆ ಅನ್ನೋದೇ ಹೆಮ್ಮೆ. ಊರಲ್ಲಿ ಸಿಕ್ಕವರಿಗೆಲ್ಲ ಅದೇ ಮಾತು. ಮಗನೋ, ಸರಿಯಾದ ಕಾಗದಪತ್ರವಿಲ್ಲದೆ ನ್ಯೂಯಾರ್ಕಿನ ಹೋಟೆಲು ಹೋಟೆಲು ಅಲೆಯುತ್ತಾ ಪಾತ್ರೆ ಪಡಗದ ನಡುವೆ ದಿನ ದೂಡುತ್ತಾನೆ. ಅಡುಗೆಮನೆಯಲ್ಲಿ ಜಾರಿ ಬಿದ್ದು ಮಂಡಿಗೆ ಪೆಟ್ಟಾದರೂ ಮಾಲೀಕ ಡಾಕ್ಟರನ್ನು ಕರೆಸೋದಿಲ್ಲ. ಅಪ್ಪನಿಗೆ ಬರೆಯುವ ಕಾಗದದಲ್ಲಿ ಮಾತ್ರ ಎಲ್ಲ ಸೌಖ್ಯ! ಕೊನೆಗೆ ಊರಿಗೆ ಮರಳುವಾಗ ದಾರಿಯಲ್ಲೇ ದೋಚಿಸಿಕೊಂಡು, ಬರಿಗೈಲಿ ಅಪ್ಪನ ಮುಂದೆ ನಿಲ್ಲುತ್ತಾನೆ.

ಬಾಲ್ಯವನ್ನು ಮಂಗಳೂರಿನಲ್ಲಿ ಕಳೆದ ಅರವಿಂದ ಅಡಿಗರ 'ದಿ ವೈಟ್ ಟೈಗರ್' (ಬುಕರ್, 2008) ನಮ್ಮ ಬೆಂಗಳೂರಿಗೇ ಬರುತ್ತದೆ. ಕಾಲ್ ಸೆಂಟರಿನ ಹುಡುಗ ಹುಡುಗಿಯರನ್ನು ರಾತ್ರಿ ಮನೆ ಮುಟ್ಟಿಸುವ ಕಾರುಗಳ ಒಡೆಯನೇ ಇಲ್ಲಿ ಕಥೆ ಹೇಳುತ್ತಾನೆ. ಅವನ ಬಂಡವಾಳ? ತನ್ನ ಧಣಿಯನ್ನೇ ಕೊಂದು ತಂದ ಹಣ!

ಮೋನಿಕಾ ಢಾಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು. ಕಿರಣ್ ದೆಹಲಿಯಲ್ಲಿ ಹುಟ್ಟಿ ಅಮೆರಿಕ ಸೇರಿದವರು. ಎರಡು ನೆಲ ಕಂಡವರಾದ್ದರಿಂದಲೇ ಹೋದವರ ಕಷ್ಟವೂ ಉಳಿದವರ ಆಸೆಯೂ ಅವರ ಕಣ್ಣಿಗೆ ಬಿದ್ದಿರಬೇಕು.

ಇಂಗ್ಲಿಷ್ ಓದಲು ಕಷ್ಟವೆನಿಸಿದರೆ, ಕಾಲೇಜಿಗೆ ಹೋಗುವ ಮಗಳಿಂದ ಕಥೆ ಹೇಳಿಸಿಕೊಳ್ಳಿ. ಇನ್ನು, ದೂರದ ಊರಲ್ಲಿರುವ ಮಗನ ಫೋನ್ ಬಂದಾಗ "ಸಂಬಳ ಎಷ್ಟು ಜಾಸ್ತಿ ಆಯ್ತು?" ಅನ್ನೋದಕ್ಕೆ ಮೊದಲು, "ಎಲ್ಲಿ ಮಲಗ್ತೀಯಪ್ಪಾ? ಹೊಟ್ಟೆ ತುಂಬ ಉಣ್ತೀಯಾ?" ಅಂತ ಕೇಳೋಣ. ನೆರೆಮನೆಯವರ ಮುಂದೆ ಹೇಳಿಕೊಳ್ಳುವ ಮಾತು ಆಮೇಲಾಗಲಿ.